ಅಂಕೋಲಾ ಕಡೆ ಬೇಣದಲ್ಲಿ ಕಾಡುಮರ: ಸರ್ಕಾರದ ಹಣ ಎಷ್ಟು, ಜಾಗ ಕೊಳ್ಳಲೂ ಸಿಗುತ್ತದಾ?

ಬೇಣದಂಚು:
1 ಎಕರೆ ಮಾಲ್ಕಿ (ಸ್ವಂತ ಹಕ್ಕಿನ) ಬೇಣ, ಅಂದರೆ ಹುಲ್ಲುಗಾವಲು, ಖಾಲಿ ಇದೆ, ಚಿರೇಕಲ್ಲು (ಜಂಬಿಟ್ಟಿಗೆ) ನೆಲ. ಕಾಡುಮರ ಹಾಕಿದರೆ ಅರಣ್ಯ ಇಲಾಖೆಯಿಂದ ಎಷ್ಟು ಸಿಗುತ್ತದೆ? ಪಕ್ಕದಲ್ಲೇ ಮರ ತುಂಬಿದ 1 ಎಕರೆ ಮಾರಾಟಕ್ಕಿದೆ. ಕೊಳ್ಳಲು ಸಹಾಯಧನ ಉಂಟಾ?

ಮತ್ತಿಮರ:
ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಿಂದ ಇದೆ. ಬದುಕಿದ ಸಸಿಯೊಂದಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ 400 ಸಸಿ ಮಿತಿ, ಅಂದರೆ ನಿಮ್ಮ ಎಕರೆಗೆ 160. ಒಂದೂ ಸಾಯದಿದ್ದರೆ 20,000. ಮುಂಗಡ ಇಲ್ಲ, ಹೊಂಡದ ಕೂಲಿ ಮೊದಲು ನಿಮ್ಮ ಕೈಯಿಂದಲೇ ಹೋಗುತ್ತದೆ. ವಲಯ ಅರಣ್ಯ ಕಚೇರಿಯಲ್ಲಿ ಪಹಣಿ, ಜಮೀನಿನ ಕೈನಕ್ಷೆ, ಪಾಸ್‌ಬುಕ್ ಪ್ರತಿ, ಫೋಟೊ ಕೊಟ್ಟು ಹೆಸರು ನೋಂದಾಯಿಸಿ, ಆಮೇಲೆ ಇಲಾಖೆ ನರ್ಸರಿಯಿಂದ ಸಸಿ ಎತ್ತಿ. ಅಕೇಶಿಯಾ, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ರಬ್ಬರಿಗೆ ಪ್ರೋತ್ಸಾಹಧನ ಇಲ್ಲ.

ದರಕು:
ಎಣಿಕೆ ಆಗುವುದು ಬದುಕಿದ್ದಷ್ಟೇ, ಹಾಗಾಗಿ ನೆಡುವುದರಲ್ಲೇ ಎಲ್ಲ ಇದೆ. 5 ಮೀಟರ್ ಅಂತರ, ಒಂದೂವರೆ ಅಡಿ ಉದ್ದ, ಅಗಲ, ಆಳದ ಹೊಂಡ, ಮೇ ತಿಂಗಳೊಳಗೆ. ತಳದಲ್ಲಿ ಚಿರೇಕಲ್ಲಿನ ಹಾಸು ಸಿಕ್ಕಿದರೆ ಹಾರೆಯಲ್ಲಿ ಒಡೆಯಿರಿ, ಒಡೆಯದಿದ್ದರೆ ಹೊಂಡದ ಜಾಗ ಬದಲಿಸಿ. ಇಲ್ಲದಿದ್ದರೆ ಜುಲೈ ಮಳೆಗೆ ಹೊಂಡ ಬಾವಿಯಾಗಿ ಬೇರು ಕೊಳೆಯುತ್ತದೆ. ಜೂನಿನಲ್ಲಿ ನೆಲ ನೆನೆದ ಕೂಡಲೇ ನೆಟ್ಟು, ಬುಡಕ್ಕೆ ಮಣ್ಣು ಏರಿಸಿ. ಅಕ್ಟೋಬರಿನಲ್ಲಿ ಕಳೆ ಸವರಿ ದಪ್ಪಗೆ ದರಕು (ಒಣ ಎಲೆ) ಮುಚ್ಚಿ. ಜನವರಿಯೊಳಗೆ ಸುತ್ತ ಹುಲ್ಲು ಕೆರೆದು ಬೆಂಕಿಗೆರೆ ಎಳೆಯದಿದ್ದರೆ ಒಂದೇ ಮಧ್ಯಾಹ್ನ ಸಾಕು, ಅಷ್ಟೂ ಹೋಗುತ್ತದೆ. ದನ ಬರುವ ಕಡೆ ಅಗಳ (ಕಂದಕ) ತೋಡಿ.
ಹೊನ್ನೆ, ಮತ್ತಿ, ನೇರಳೆ, ಹಲಸು ಈ ನೆಲಕ್ಕೆ ಒಗ್ಗುತ್ತವೆ. ಮುರುಗಲಿನಲ್ಲಿ (ಕೋಕಂ) ಗಂಡು, ಹೆಣ್ಣು ಗಿಡ ಬೇರೆ ಬೇರೆ. ಬೀಜದ ಸಸಿಯಲ್ಲಿ ಸುಮಾರು ಅರ್ಧ ಗಂಡೇ ಆಗುತ್ತದೆ. ಹಣ್ಣು ಬೇಕಿದ್ದರೆ ಹೆಣ್ಣುಗಿಡದ ಕಸಿಯನ್ನೇ ತನ್ನಿ.

ಪಹಣಿ ಕಾಲಂ:
ಕೊಳ್ಳಲು ಅರಣ್ಯ ಇಲಾಖೆ ಹಣ ಕೊಡುವುದಿಲ್ಲ. ಸರ್ಕಾರದ ಭೂ ಒಡೆತನ ಯೋಜನೆ ಇರುವುದು ಪರಿಶಿಷ್ಟ ಜಾತಿ, ಪಂಗಡದ ಭೂರಹಿತ ಕೃಷಿ ಕಾರ್ಮಿಕ ಮಹಿಳೆಯರಿಗೆ, ಅದೂ ಸಾಗುವಳಿ ಜಮೀನಿಗೆ. ನಮ್ಮ ಜಿಲ್ಲೆಯಲ್ಲಿ ಹಣಕ್ಕಿಂತ ಮೊದಲು ನೋಡಬೇಕಾದದ್ದು ಹಕ್ಕು. ಸೊಪ್ಪಿನಬೆಟ್ಟವಾದರೆ ಅಡಿಕೆ ತೋಟದವರಿಗೆ ಸೊಪ್ಪು, ದರಕಿನ ಸವಲತ್ತು ಮಾತ್ರ, ನೆಲ ಸರ್ಕಾರದ್ದು. 2006ರ ಅರಣ್ಯ ಹಕ್ಕು ಕಾಯ್ದೆಯ ಪಟ್ಟಾ ಮಕ್ಕಳಿಗೆ ಹೋಗುತ್ತದೆ, ಮಾರುವಂತಿಲ್ಲ. ಮಾಲ್ಕಿಯೇ ಆದರೂ ಮರಕ್ಕೆ ದರ ಕಟ್ಟಬೇಡಿ. ಹೆಚ್ಚಿನ ಜಾತಿಯ ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು.

ಬೇಣದಂಚು:
ಮಾರಾಟಕ್ಕಿರುವ ಜಾಗದ ಪಹಣಿ ತೆಗೆಸಿದೆ. 1 ಎಕರೆಯಲ್ಲಿ 12 ಗುಂಟೆ ‘ಬಿ’ ಖರಾಬು ಅಂತಿದೆ.

ಪಹಣಿ ಕಾಲಂ:
‘ಬಿ’ ಖರಾಬು ಸಾರ್ವಜನಿಕ ಜಾಗ. 28 ಗುಂಟೆಗೆ ಮಾತ್ರ ಬೆಲೆ ಮಾತಾಡಿ. ಆ 12 ಗುಂಟೆ ಹಳ್ಳವೋ, ಊರಿನ ದಾರಿಯೋ ಎಂದು ಸರ್ವೆಯವರಿಂದ ಗುರುತು ಹಾಕಿಸಿದ ಮೇಲೆಯೇ ಮುಂಗಡ ಕೊಡಿ.