ರೆಟಿನಾ ಅಂಟಿದೆ ಅನ್ನುತ್ತಾರೆ, ಕಣ್ಣು ಯಾಕೆ ಇನ್ನೂ ಸರಿಯಾಗಿ ಕಾಣುತ್ತಿಲ್ಲ?

ಪ್ರಶ್ನೆ

ಮೇಡಂ, ನನಗೆ 54 ವರ್ಷ. ಹೈಸ್ಕೂಲು ಮೇಷ್ಟ್ರು. ಸುಮಾರು ಎರಡು ತಿಂಗಳ ಹಿಂದೆ ಬಲಗಣ್ಣಿನಲ್ಲಿ ಮಿಂಚು ಹೊಡೆದ ಹಾಗೆ ಆಗತೊಡಗಿತು. ಕಪ್ಪು ಚುಕ್ಕೆಗಳು ತೇಲಿದವು. ಉತ್ತರಪತ್ರಿಕೆ ತಿದ್ದಿ ಕಣ್ಣು ಸೋತಿರಬೇಕು ಅಂದುಕೊಂಡೆ. ಮೂರು ದಿನ ಬಿಟ್ಟು ಮೂಗಿನ ಕಡೆಯಿಂದ ಪರದೆ ಎಳೆದಂತೆ ನೆರಳು ಬಂತು. ಆಗಲೂ ಸುಮ್ನೆ ಇದ್ದೆ. ಎದುರಿಗಿದ್ದವರ ಮುಖವೇ ಕಾಣದೆ ಹೋದಾಗ ಆಸ್ಪತ್ರೆಗೆ ಓಡಿದೆ. ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರ, ತನ್ನ ಜಾಗದಿಂದ ಎದ್ದು ಬಂದಿದೆ ಅಂದರು. ಆಪರೇಷನ್ ಆಗುವ ಹೊತ್ತಿಗೆ ನಡುವಿನ ನೋಟ ಹೋಗಿ ಆರು ದಿನ ಕಳೆದಿತ್ತು.

ವಿಟ್ರೆಕ್ಟಮಿ (ಕಣ್ಣೊಳಗಿನ ಲೋಳೆ ತೆಗೆಯುವ ಆಪರೇಷನ್) ಮಾಡಿ ಸಿ3ಎಫ್8 ಗ್ಯಾಸ್ ತುಂಬಿದ್ದಾರೆ. ಈಗ ಐದು ವಾರ. ಪ್ರತಿ ಸಲ ಹೋದಾಗಲೂ "ರೆಟಿನಾ ಚೆನ್ನಾಗಿ ಅಂಟಿದೆ" ಅನ್ನುತ್ತಾರೆ. ಆದರೆ ನನಗೆ ಕಣ್ಣೊಳಗೆ ನೀರಿನ ಮಟ್ಟದ ಹಾಗೆ ಒಂದು ಗೆರೆ ಕಾಣುತ್ತದೆ, ನಡೆದರೆ ತುಳುಕುತ್ತದೆ. ಅದರ ಮೇಲೆ ಕಾಣುವುದೂ ಮಸುಕು. ನೋಟ್‌ಬುಕ್ಕಿನ ಗೆರೆಗಳು ನಡುವಲ್ಲಿ ಬಾಗಿದಂತೆ ಕಾಣುತ್ತವೆ. ಅಂಟಿದ್ದರೆ ಕಾಣಬೇಕು ಅಲ್ವಾ? ಎಷ್ಟು ನೋಟ ವಾಪಸ್ ಬರುತ್ತದೆ? ದಯವಿಟ್ಟು ನಿಜ ಹೇಳಿ.

ಉತ್ತರ (ರೆಟಿನಾ ವೈದ್ಯೆ)

ಮೇಷ್ಟ್ರೇ, ನಿಮ್ಮ ಕಣ್ಣನ್ನು ನಾನು ನೋಡಿಲ್ಲ. ಹಾಗಾಗಿ ಇಷ್ಟೇ ಬರುತ್ತದೆ ಅಂತ ಅಂಕಿ ಹೇಳಲಾರೆ. ಆದರೆ ಏನು ನಡೆಯುತ್ತಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. "ಅಂಟಿದೆ" ಅನ್ನುವ ಅವರ ಮಾತೂ ನಿಜ, "ಕಾಣುತ್ತಿಲ್ಲ" ಅನ್ನುವ ನಿಮ್ಮ ಮಾತೂ ನಿಜ. ಎರಡೂ ಬೇರೆ ಬೇರೆ ವಿಷಯ.

ನಾಟಿ ಮಾಡುವ ಸಸಿಯನ್ನು ನೆನಪಿಸಿಕೊಳ್ಳಿ. ಬುಡದ ಮಣ್ಣಿನಿಂದ ಕಿತ್ತು ಕೆಲವು ದಿನ ಹೊರಗಿಟ್ಟರೆ ಬಾಡುತ್ತದೆ. ಮತ್ತೆ ನೆಟ್ಟ ದಿನವೇ ನೆಟ್ಟಗೆ ನಿಂತಿರಬಹುದು, ಆದರೆ ಚಿಗುರಲು ಸಮಯ ಬೇಕು. ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಜೀವಕೋಶಗಳಿಗೆ ಆಮ್ಲಜನಕ, ಪೋಷಣೆ ಎಲ್ಲಾ ಅದರ ಹಿಂದಿರುವ ರಕ್ತನಾಳದ ಪದರದಿಂದ ಸಿಗುತ್ತದೆ. ರೆಟಿನಾ ಎದ್ದಾಗ ಆ ನಂಟು ಕಡಿಯುತ್ತದೆ. ಆಪರೇಷನ್ ರೆಟಿನಾವನ್ನು ಅದರ ಜಾಗಕ್ಕೆ ತಂದು ಕೂರಿಸುತ್ತದೆ, ಅಷ್ಟೇ. ಸೊರಗಿದ ಕೋಶಗಳು ಚೇತರಿಸಿಕೊಳ್ಳುವುದು ನಿಧಾನ. ಸತ್ತೇ ಹೋದವು ಮತ್ತೆ ಹುಟ್ಟುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಮ್ಯಾಕ್ಯುಲಾ ಎದ್ದಿತ್ತೇ ಇಲ್ಲವೇ ಅನ್ನುವುದು. ಮ್ಯಾಕ್ಯುಲಾ ಅಂದರೆ ರೆಟಿನಾದ ನಟ್ಟನಡುವಿನ ಚಿಕ್ಕ ಜಾಗ. ಓದುವುದು, ಮುಖ ಗುರುತಿಸುವುದು ಎಲ್ಲಾ ಅದರ ಕೆಲಸ. ಅದು ಏಳುವ ಮೊದಲೇ ಆಪರೇಷನ್ ಆದವರಿಗೆ ಬಹುಮಟ್ಟಿಗೆ ಹಿಂದಿನ ನೋಟವೇ ಉಳಿಯುತ್ತದೆ. ನಿಮ್ಮದು ಎದ್ದಿತ್ತು, ಮುಖ ಕಾಣದೆ ಹೋಗಿದ್ದು ಅದಕ್ಕೇ. ಅಂಥವರಲ್ಲಿ ನೋಟ ಸುಧಾರಿಸುತ್ತದೆ, ಆದರೆ ಪೂರ್ತಿ ಹಿಂದಿನಂತೆ ಆಗುವುದು ಕಡಿಮೆ. ಎಷ್ಟು ದಿನ ಎದ್ದಿತ್ತು, ಎಷ್ಟು ಎತ್ತರಕ್ಕೆ ಎದ್ದಿತ್ತು ಅನ್ನುವುದರ ಮೇಲೆ ಫಲ ನಿಂತಿದೆ. ಮೂರು ದಿನದೊಳಗಾದರೆ ಹೆಚ್ಚು ಒಳ್ಳೆಯದು. ಆರು ದಿನವೂ ಕೈಬಿಟ್ಟ ಸ್ಥಿತಿಯಲ್ಲ. ವಾರಗಟ್ಟಲೆ ಬಿಟ್ಟು ಬಂದವರಿಗಿಂತ ನಿಮ್ಮ ಸ್ಥಿತಿ ಉತ್ತಮ. ನೀವು ಕೇಳಿದ ನಿಜ ಇದೇ.

ಐದು ವಾರಕ್ಕೆ ತೀರ್ಮಾನಕ್ಕೆ ಬರಬೇಡಿ. ಗ್ಯಾಸ್ ಇನ್ನೂ ಇದೆ. ಗ್ಯಾಸಿನ ಮೂಲಕ ಯಾರಿಗೂ ಸರಿಯಾಗಿ ಕಾಣುವುದಿಲ್ಲ, ಹತ್ತಿರ ಕೈ ಆಡಿಸಿದರೆ ಗೊತ್ತಾದೀತು ಅಷ್ಟೇ. ನಿಮಗೆ ಕಾಣುವ ಗೆರೆ ಆ ಗುಳ್ಳೆಯ ಅಂಚು. ಗುಳ್ಳೆ ನಿಜವಾಗಿ ಕಣ್ಣಿನ ಮೇಲ್ಭಾಗದಲ್ಲಿ ತೇಲುತ್ತಿದೆ. ರೆಟಿನಾದ ಮೇಲೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ ನಿಮಗೆ ಅದು ಕೆಳಗಿದ್ದಂತೆ ಕಾಣುತ್ತದೆ. ದಿನ ಕಳೆದಂತೆ ಗೆರೆ ಇಳಿಯುತ್ತದೆ. ಕೊನೆಗೆ ಕೆಳಗೆ ಅಲುಗಾಡುವ ದುಂಡು ಗುಳ್ಳೆಯಾಗಿ, ಒಮ್ಮೊಮ್ಮೆ ನಾಲ್ಕಾರು ಸಣ್ಣ ಗುಳ್ಳೆಗಳಾಗಿ ಒಡೆದು, ಮಾಯವಾಗುತ್ತದೆ. ಸಿ3ಎಫ್8 ಹೋಗಲು ಸುಮಾರು ಆರರಿಂದ ಎಂಟು ವಾರ ಬೇಕು. ಎಸ್ಎಫ್6 ಅನ್ನುವ ಇನ್ನೊಂದು ಗ್ಯಾಸ್ ಆಗಿದ್ದರೆ ಎರಡು ವಾರದ ಆಸುಪಾಸು. ಗುಳ್ಳೆ ಒಡೆಯುವ ದಿನ ಎಷ್ಟೋ ಜನ ಹೆದರಿ ಫೋನ್ ಮಾಡುತ್ತಾರೆ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗುಳ್ಳೆ ಪೂರ್ತಿ ಹೋಗಿದೆ ಅಂತ ನಿಮ್ಮ ಡಾಕ್ಟರು ನೋಡಿ ಹೇಳುವವರೆಗೆ ವಿಮಾನ ಹತ್ತಬೇಡಿ, ಎತ್ತರದ ಬೆಟ್ಟಕ್ಕೂ ಹೋಗಬೇಡಿ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ. ಕಣ್ಣಿನ ಪ್ರೆಶರ್ ಏರಿ ರಕ್ತ ಹರಿಯುವುದೇ ನಿಂತು ನೋಟ ಶಾಶ್ವತವಾಗಿ ಹೋಗಬಹುದು. ಬೇರೆ ಯಾವುದೇ ಆಪರೇಷನ್ ಬೇಕಾದರೆ, ಕಣ್ಣಲ್ಲಿ ಗ್ಯಾಸ್ ಇದೆ ಅಂತ ಅರಿವಳಿಕೆ ಕೊಡುವವರಿಗೆ ತಿಳಿಸಲೇಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೂ ಇದೇ ಅಪಾಯ. ಕಣ್ಣಲ್ಲಿ ಗ್ಯಾಸ್ ಇದೆ ಅಂತ ತಿಳಿಸುವ ಪಟ್ಟಿಯನ್ನು ಕೈಗೆ ಕಟ್ಟಿದ್ದರೆ ಬಿಚ್ಚಬೇಡಿ.

ಗೆರೆ ಬಾಗುವುದು ಮ್ಯಾಕ್ಯುಲಾ ಎದ್ದು ಕೂತವರಲ್ಲಿ ತುಂಬಾ ಸಾಮಾನ್ಯ. ಕೂತ ಮೇಲೆ ಕೋಶಗಳು ಕೂದಲೆಳೆಯಷ್ಟು ಆಚೀಚೆ ಆದರೂ ಸಾಕು, ನೇರ ಗೆರೆ ಸೊಟ್ಟಗೆ ಕಾಣುತ್ತದೆ. ಕೆಲವರಿಗೆ ಆ ಕಣ್ಣಲ್ಲಿ ಅಕ್ಷರ ಚಿಕ್ಕದಾಗಿಯೂ ಕಾಣುತ್ತದೆ. ತಿಂಗಳುಗಳಲ್ಲಿ ಕಡಿಮೆಯಾಗುತ್ತಾ ಬರುತ್ತದೆ, ಸ್ವಲ್ಪ ಉಳಿದುಕೊಳ್ಳಲೂಬಹುದು. ನೋಟದ ಸುಧಾರಣೆ ಹೆಚ್ಚಾಗಿ ಮೊದಲ ಮೂರರಿಂದ ಆರು ತಿಂಗಳಲ್ಲಿ ಆಗುತ್ತದೆ. ಆಮೇಲೂ ಒಂದು ವರ್ಷದವರೆಗೆ, ಕೆಲವರಲ್ಲಿ ಅದನ್ನೂ ಮೀರಿ, ನಿಧಾನವಾಗಿ ಮುಂದುವರಿಯುತ್ತದೆ.

ಪ್ರಶ್ನೆ ಕೇಳಿದ ಸದಸ್ಯರು

ತುಂಬಾ ಧನ್ಯವಾದ ಮೇಡಂ. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ದಿನಕ್ಕೆ ಹತ್ತು ಸಲ ಎಡಗಣ್ಣು ಮುಚ್ಚಿ ನೋಡುತ್ತೇನೆ. ಪ್ರತಿ ಸಲವೂ ಮನಸ್ಸು ಕುಗ್ಗುತ್ತದೆ. ಫೋನು, ಟಿವಿ ನೋಡಿದರೆ ಬಲಗಣ್ಣಿಗೆ ತೊಂದರೆಯೇ? ಕಣ್ಣಿನ ವ್ಯಾಯಾಮ, ವಿಟಮಿನ್ ಮಾತ್ರೆ ಏನಾದರೂ ಸಹಾಯವಾದೀತೇ?

ಉತ್ತರ

ಹತ್ತು ಸಲ ನೋಡುವುದನ್ನು ದಯವಿಟ್ಟು ನಿಲ್ಲಿಸಿ. ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ಏನಾದರೂ ಕೆಟ್ಟಿದೆಯೇ ಅಂತ ತಿಳಿಯಲು ಮಾತ್ರ ನೋಡಿ. ಹೊಸ ನೆರಳು ಬಂದಿದೆಯೇ, ನಿನ್ನೆ ಕಂಡದ್ದು ಇಂದೂ ಕಾಣುತ್ತಿದೆಯೇ, ಅಷ್ಟು ಸಾಕು. ಎಷ್ಟು ಸುಧಾರಿಸಿದೆ ಅನ್ನುವುದನ್ನು ವಾರಕ್ಕೊಮ್ಮೆ ಅಳೆಯಿರಿ. ಒಂದೇ ಜಾಗದಲ್ಲಿ ಕೂತು, ಒಂದೇ ಬೆಳಕಿನಲ್ಲಿ, ಒಂದೇ ಕ್ಯಾಲೆಂಡರ್ ನೋಡಿ. ದೊಡ್ಡ ಅಂಕಿ ಕಂಡಿತೇ, ಸಣ್ಣದು ಕಂಡಿತೇ ಅಂತ ಬರೆದಿಡಿ. ಚೌಕಳಿ ಕಾಗದದ ನಡುವೆ ಒಂದು ಚುಕ್ಕೆ ಇಟ್ಟು ಅದನ್ನೇ ನೋಡುತ್ತಾ ಯಾವ ಗೆರೆ ಬಾಗಿದೆ ಅಂತ ಗುರುತು ಹಾಕಿ. ತಿಂಗಳ ಹಿಂದಿನ ಹಾಳೆಯ ಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಎಡಗಣ್ಣಿಗೆ ಹೋಲಿಸಬೇಡಿ. ಬಲಗಣ್ಣನ್ನು ಬಲಗಣ್ಣಿನ ಹಿಂದಿನ ವಾರಕ್ಕೆ ಹೋಲಿಸಿ.

ಓದುವುದು, ಟಿವಿ, ಫೋನು ಇವುಗಳಿಂದ ಅಂಟಿದ ರೆಟಿನಾ ಕಿತ್ತು ಬರುವುದಿಲ್ಲ. ತಲೆ ಹೇಗಿಟ್ಟುಕೊಳ್ಳಬೇಕು ಅಂತ ಹೇಳಿದ್ದಾರೋ ಅದನ್ನು ಮಾತ್ರ ತಪ್ಪಿಸಬೇಡಿ. ಗ್ಯಾಸ್ ಇರುವಷ್ಟು ದಿನ ಅಂಗಾತ ಮಲಗಬೇಡಿ. ಗುಳ್ಳೆ ಮುಂದಕ್ಕೆ ಬಂದು ಲೆನ್ಸಿಗೆ ತಾಗಿ ಪೊರೆ ಬೇಗ ಬರುತ್ತದೆ, ಪ್ರೆಶರ್ ಕೂಡ ಏರಬಹುದು. ಎದ್ದ ರೆಟಿನಾ ವ್ಯಾಯಾಮದಿಂದ ಬೇಗ ಚೇತರಿಸಿಕೊಳ್ಳುವುದಿಲ್ಲ. ವಿಟಮಿನ್ ಕೊರತೆ ಇಲ್ಲದವರಿಗೆ ಮಾತ್ರೆಯಿಂದಲೂ ಅಷ್ಟೇ. ಬರೆದುಕೊಟ್ಟ ಡ್ರಾಪ್ಸ್ ಬಿಟ್ಟು ಬೇರೇನನ್ನೂ ಕಣ್ಣಿಗೆ ಬಿಡಬೇಡಿ. ಆ ಡ್ರಾಪ್ಸನ್ನು ನೀವಾಗಿಯೇ ಮುಂದುವರಿಸಲೂ ಬೇಡಿ. ಅದರಲ್ಲಿ ಸ್ಟೆರಾಯ್ಡ್ ಇರುತ್ತದೆ, ಕೆಲವರಲ್ಲಿ ಅದೇ ಕಣ್ಣಿನ ಪ್ರೆಶರ್ ಏರಿಸುತ್ತದೆ.

ಸದ್ಯಕ್ಕೆ ದೂರದ ಅಂದಾಜು ತಪ್ಪುತ್ತದೆ. ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಿರಿ. ಲೋಟಕ್ಕೆ ನೀರು ಬಗ್ಗಿಸುವಾಗ ಜಗ್ಗಿನ ಮೂತಿ ಲೋಟದ ಅಂಚಿಗೆ ತಾಗಲಿ. ಡಾಕ್ಟರು ಸರಿ ಅನ್ನುವವರೆಗೆ ಗಾಡಿ ಓಡಿಸಬೇಡಿ.

ನೀವು ಕುಗ್ಗಿದ್ದೀರಿ ಅಂತ ಇನ್ನೊಂದು ವಿಷಯ ಹೇಳಬೇಕೆನಿಸಿತು. ನೂರು ವರ್ಷಗಳ ಹಿಂದೆ ರೆಟಿನಾ ಎದ್ದರೆ ಆ ಕಣ್ಣು ಹೋದಂತೆಯೇ ಲೆಕ್ಕ. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಜೂಲ್ ಗೊನಾ ಎಂಬ ವೈದ್ಯರು, ರೆಟಿನಾದಲ್ಲಿನ ಹರಿದ ತೂತನ್ನು ಹುಡುಕಿ ಮುಚ್ಚಿದರೆ ರೆಟಿನಾ ಮತ್ತೆ ಕೂರುತ್ತದೆ ಅಂತ ತೋರಿಸಿಕೊಟ್ಟರು. ಇಂದಿಗೂ ನಾವು ಮಾಡುವುದು ಅದನ್ನೇ. ತೂತನ್ನು ಲೇಸರಿನಿಂದ ಅಥವಾ ತಣ್ಣನೆಯ ಸಲಾಕೆಯಿಂದ ಬೆಸೆಯುತ್ತೇವೆ. ಬೆಸುಗೆ ಗಟ್ಟಿಯಾಗುವವರೆಗೆ ಒಳಗಿನಿಂದ ಒತ್ತಿ ಹಿಡಿಯಲು ನಿಮ್ಮ ಗ್ಯಾಸ್.

ಇನ್ನೊಬ್ಬ ಸದಸ್ಯೆ

ನಮ್ಮ ಅಮ್ಮನಿಗೆ ಗ್ಯಾಸ್ ಬದಲು ಸಿಲಿಕೋನ್ ಆಯಿಲ್ ಹಾಕಿದ್ದಾರೆ. ನಾಲ್ಕು ತಿಂಗಳಾಯಿತು. ಎಲ್ಲಾ ಮಂಜು ಮಂಜು ಅನ್ನುತ್ತಾರೆ. ಆಯಿಲ್ ತೆಗೆದರೆ ಸರಿಹೋಗುತ್ತದೆಯೇ? ಅದೂ ತಾನಾಗಿ ಕರಗುತ್ತದೆಯೇ?

ಉತ್ತರ

ಆಯಿಲ್ ತಾನಾಗಿ ಹೋಗುವುದಿಲ್ಲಮ್ಮ, ಮತ್ತೊಂದು ಆಪರೇಷನ್ ಮಾಡಿ ತೆಗೆಯಬೇಕು. ರೆಟಿನಾ ಗಟ್ಟಿಯಾಗಿ ಕೂತಿದ್ದರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ತೆಗೆಯುತ್ತಾರೆ. ಆಯಿಲ್ ಕಣ್ಣಿನ ನಂಬರನ್ನೇ ಬದಲಿಸುತ್ತದೆ, ಹೆಚ್ಚಾಗಿ ಪ್ಲಸ್ ಕಡೆಗೆ. ಮಂಜಿನ ಒಂದು ಪಾಲು ಅದರಿಂದ. ಪೊರೆ ಬಂದಿದ್ದರೆ ಅದೂ ಒಂದು ಕಾರಣ. ಎರಡನ್ನೂ ಒಟ್ಟಿಗೆ ತೆಗೆಯುವುದುಂಟು. ಮ್ಯಾಕ್ಯುಲಾದಿಂದಲೇ ಬಂದ ಮಸುಕು ಮಾತ್ರ ಆಯಿಲ್ ತೆಗೆದರೂ ಉಳಿಯುತ್ತದೆ. ತುಂಬಾ ದಿನ ಬಿಟ್ಟರೆ ಆಯಿಲ್ ಸಣ್ಣ ಹನಿಗಳಾಗಿ ಒಡೆದು ಪ್ರೆಶರ್ ಏರಿಸಬಹುದು, ಕಣ್ಣಿನ ಮುಂದಿನ ಕರಿಗುಡ್ಡೆಯ ಪದರಕ್ಕೂ ತೊಂದರೆ. ತೆಗೆದ ಮೇಲೆ ಕೆಲವರಲ್ಲಿ ರೆಟಿನಾ ಮತ್ತೆ ಏಳುತ್ತದೆ, ಅದಕ್ಕೇ ಡಾಕ್ಟರು ಸರಿಯಾದ ಸಮಯ ನೋಡಿ ನಿರ್ಧರಿಸುತ್ತಾರೆ. ತಡ ಮಾಡುತ್ತಿದ್ದಾರೆ ಅನಿಸಿದರೆ ಕಾರಣ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮತ್ತೊಬ್ಬ ಸದಸ್ಯ

27 ವರ್ಷ. ನನಗೆ ಬಕಲ್ ಹಾಕಿ ಎರಡು ತಿಂಗಳು. ಮೈನಸ್ ನಂಬರ್ ಜಾಸ್ತಿಯಾಗಿದೆ, ಪಕ್ಕಕ್ಕೆ ನೋಡಿದರೆ ಎರಡೆರಡು ಕಾಣುತ್ತದೆ.

ಉತ್ತರ

ಬಕಲ್ ಕಣ್ಣುಗುಡ್ಡೆಯ ಸುತ್ತ ಬಿಗಿಯುವ ಪಟ್ಟಿ. ಅದು ಬಿಗಿದಾಗ ಗುಡ್ಡೆ ಸ್ವಲ್ಪ ಉದ್ದವಾಗುತ್ತದೆ, ಮೈನಸ್ ಏರುತ್ತದೆ. ಇದು ಕೆಡುಕಿನ ಲಕ್ಷಣವಲ್ಲ, ಕನ್ನಡಕ ಬದಲಿಸಿದರೆ ಆಯಿತು. ಎರಡೆರಡು ಕಾಣುವುದು ಹೆಚ್ಚಾಗಿ ಸ್ನಾಯುಗಳ ಬಾವಿನಿಂದ. ಬಹುತೇಕರಿಗೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಉಳಿದರೆ ಪ್ರಿಸಂ ಕನ್ನಡಕ ಇದೆ.

ಎಲ್ಲರಿಗೂ ಒಂದು ಮಾತು. ಬರುತ್ತಿದ್ದ ನೋಟ ಇದ್ದಕ್ಕಿದ್ದಂತೆ ಕುಸಿದರೆ, ಹೊಸ ನೆರಳು ಬಂದರೆ, ಮಿಂಚು ಅಥವಾ ಚುಕ್ಕೆಗಳು ಹೊಸದಾಗಿ ಶುರುವಾದರೆ, ನೋವು ಕೆಂಪು ಏರುತ್ತಾ ಹೋದರೆ, ಮುಂದಿನ ಭೇಟಿಗೆ ಕಾಯಬೇಡಿ. ಅಂದೇ ಹೋಗಿ. ಮೊದಲ ಮೂರು ತಿಂಗಳಲ್ಲಿ ಕೆಲವರಿಗೆ ರೆಟಿನಾದ ಮೇಲೆ ಗಾಯದ ಕಲೆಯಂಥ ಪದರ ಬೆಳೆದು ಮತ್ತೆ ಎಳೆಯುತ್ತದೆ. ಬೇಗ ಕಂಡರೆ ಸರಿಪಡಿಸಬಹುದು. ಇನ್ನೊಂದು ಕಣ್ಣಿಗೂ ಅಪಾಯ ಇದೆ. ಹಾಗಾಗಿ ಅದನ್ನೂ ಪಾಪೆ ಹಿಗ್ಗಿಸಿ ನೋಡಲಿ. ತೂತು ಕಂಡರೆ ಲೇಸರ್ ಸಾಕಾಗುತ್ತದೆ.

ಪ್ರಶ್ನೆ ಕೇಳಿದ ಸದಸ್ಯರು (ಆರು ವಾರಗಳ ನಂತರ)

ಮೇಡಂ, ಎಂಟನೇ ವಾರ ಗುಳ್ಳೆ ಹೋಯಿತು. ನೀವು ಹೇಳಿದಂತೆಯೇ ಮೂರು ಚೂರಾಗಿ ಒಡೆದು, ಒಂದು ಸಂಜೆ ಹುಡುಕಿದರೂ ಸಿಗಲಿಲ್ಲ. ವಾರದ ಹಾಳೆಗಳು ಆರು ಆಗಿವೆ. ಮೊದಲನೆಯದರಲ್ಲಿ ಕ್ಯಾಲೆಂಡರಿನ ತಿಂಗಳ ಹೆಸರಷ್ಟೇ ಕಂಡಿತ್ತು. ಈ ವಾರ ತಾರೀಖು ಕಾಣುತ್ತಿವೆ. ಗೆರೆ ಇನ್ನೂ ಬಾಗುತ್ತದೆ, ಆದರೆ ಬಾಗಿದ ಜಾಗ ಚಿಕ್ಕದಾಗಿದೆ. ಹತ್ತು ದಿನದಿಂದ ಎದುರು ಬೆಳಕಿದ್ದರೆ ಮಂಜು ಕವಿದಂತೆ ಆಗುತ್ತದೆ. ಮತ್ತೆ ಭಯ ಶುರುವಾಗಿದೆ.

ಉತ್ತರ

ಮೇಷ್ಟ್ರೇ, ತಾರೀಖು ಕಂಡಿದ್ದು ಓದಿ ಮನಸ್ಸು ತುಂಬಿಬಂತು. ಎದುರು ಬೆಳಕಿನ ಮಂಜು ಬಹುಶಃ ಪೊರೆ. ವಿಟ್ರೆಕ್ಟಮಿ ಆದ ಮೇಲೆ 50 ದಾಟಿದವರಲ್ಲಿ ಹೆಚ್ಚಿನವರಿಗೆ ಎರಡು ವರ್ಷದೊಳಗೆ ಪೊರೆ ಬಂದೇ ಬರುತ್ತದೆ. ಗ್ಯಾಸ್ ಇದ್ದವರಿಗೆ ಇನ್ನೂ ಬೇಗ. ಅದನ್ನು ತೆಗೆದು ಲೆನ್ಸ್ ಹಾಕಬಹುದು. ಆದರೂ ಊಹೆಗೆ ಬಿಡಬೇಡಿ, ಈ ವಾರವೇ ತೋರಿಸಿ. ಪ್ರೆಶರ್ ನೋಡಿಸಿ, ಮ್ಯಾಕ್ಯುಲಾದ ಒಸಿಟಿ ಸ್ಕ್ಯಾನ್ (ಬೆಳಕಿನಿಂದ ರೆಟಿನಾದ ಪದರಗಳ ಚಿತ್ರ ತೆಗೆಯುವ ಪರೀಕ್ಷೆ) ಕೇಳಿ. ನಡುವಲ್ಲಿ ನೀರು ತುಂಬಿದ್ದರೆ ಅಥವಾ ತೆಳು ಪದರ ಬೆಳೆದಿದ್ದರೆ ಅದರಲ್ಲಿ ತಿಳಿಯುತ್ತದೆ, ಎರಡಕ್ಕೂ ಚಿಕಿತ್ಸೆ ಇದೆ. ಕನ್ನಡಕದ ನಂಬರನ್ನೂ ಈಗ ಒಮ್ಮೆ ಪರೀಕ್ಷಿಸಬಹುದು. ಆ ಆರು ಹಾಳೆಗಳನ್ನು ಮರೆಯದೆ ತೆಗೆದುಕೊಂಡು ಹೋಗಿ.