ಕಿವಿ, ಮಾತು, ಕೈ: ಭಾನುವಾರ ಗುಂಪಿನಲ್ಲಿ ಆಡಿಯಾಲಜಿ ಮೇಡಂ

ಅಡ್ಮಿನ್: ಮೇಡಂ ಹನ್ನೊಂದರವರೆಗೆ ಇರ್ತಾರೆ. ಕೇಳೋರು ಕೇಳಿ. ಶುಭೋದಯದ ಚಿತ್ರ ಬೇಡ.

ಸುಮಾ ಡೊಂಬಿವಲಿ: ಮೇಡಂ, ಮಗನಿಗೆ ಎರಡೂವರೆ ವರ್ಷ. ಬೇರಾ ಟೆಸ್ಟಲ್ಲಿ (ಸದ್ದಿಗೆ ಕಿವಿಯ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡೋದು) ಎರಡೂ ಕಿವಿ ತೀವ್ರ ಕಿವುಡು ಅಂತ ಬಂತು. ಕಿವಿಗೆ ಕೇಳಿಸೋ ಮೆಷೀನ್ ಹಾಕಿ ನಾಲ್ಕು ತಿಂಗಳು. ಪಕ್ಕದ ಬಿಲ್ಡಿಂಗಿನ ಕಿವುಡ ದಂಪತಿಯಿಂದ ಒಂದಿಷ್ಟು ಸಂಜ್ಞೆ ಕಲಿತಿದ್ದೇವೆ. ಮೊನ್ನೆ ಲೋಕಲ್ ರೈಲಲ್ಲಿ ಕೈಯಲ್ಲೇ ನೀರು ಕೇಳಿದ. ಎದುರಿನಾಕೆ "ಬಿಚಾರಾ" ಅಂತ ಹತ್ತು ರೂಪಾಯಿ ಕೈಗಿಟ್ಟರು. ನಾಣ್ಯ ನೋಡಿ, ಮತ್ತೆ ನೀರು ಕೇಳಿದ. ಅವತ್ತಿಂದ ಹೊರಗೆ ಹೋದರೆ ಅತ್ತೆ ಅವನ ಎರಡೂ ಕೈ ಹಿಡ್ಕೊಂಡಿರ್ತಾರೆ. ಸಂಜ್ಞೆ ಮಾಡಿದರೆ ಮಾತು ಬರಲ್ವಂತೆ. ನಿಲ್ಲಿಸಲಾ?

ಶೆಟ್ಟಿ ಮುಲುಂಡ್: ಮಾವನಿಗೆ ಯಾವ ಕಂಪನಿ ಮೆಷೀನ್ ಒಳ್ಳೇದು?

ಮೇಡಂ: ಮೊದಲು ಟೆಸ್ಟ್.

ಕುಲಕರ್ಣಿ ಪುಣೆ: ಬಜೆ ತೇದು ನಾಲಿಗಿಗೆ ಹಚ್ರಿ, ಮಾತು ತಾನೇ ಬರ್ತಾವ. ಕಿವಿಗೆ ಬೆಳ್ಳುಳ್ಳಿ ಎಣ್ಣಿ. ಫಾರ್ವರ್ಡ್ ಹಾಕೀನಿ ನೋಡ್ರಿ.

ಮೇಡಂ: ಮಗುವಿನ ಕಿವಿಗೆ ಯಾವ ಎಣ್ಣೆಯನ್ನೂ ಬಿಡಬೇಡಿ. ತೊಂದರೆ ಕಿವಿಯಲ್ಲಿದ್ದರೆ ನಾಲಿಗೆಗೆ ಬಜೆ ಯಾಕೆ?

ಸುಮಾ, ನಿಲ್ಲಿಸಬೇಡಿ. ಸಂಜ್ಞೆ ಮಾತನ್ನು ತಡೆಯಲ್ಲ. ನನಗೆ ಹೆದರಿಕೆ ಇರೋದು ಯಾವ ಭಾಷೆಯೂ ಇಲ್ಲದೆ ಕಳೆದುಹೋಗೋ ಎಳೆ ವರ್ಷಗಳ ಬಗ್ಗೆ. ನಿಮ್ಮತ್ತೆಯವರ ಭಯ ಹಳೆಯದು: 1880ರಲ್ಲಿ ಇಟಲಿಯ ಮಿಲಾನಿನ ಸಮ್ಮೇಳನದಲ್ಲಿ ಸೇರಿದ ಶಿಕ್ಷಕರು ಕಿವುಡರ ಶಾಲೆಗಳಲ್ಲಿ ಬಾಯಿಮಾತೇ ಸಾಕು ಅಂತ ನಿರ್ಣಯ ಮಾಡಿದರು. ಅದೇ ಸಮ್ಮೇಳನ 2010ರಲ್ಲಿ ವ್ಯಾಂಕೂವರಿನಲ್ಲಿ ಆ ನಿರ್ಣಯವನ್ನು ತಳ್ಳಿಹಾಕಿತು. ನಮ್ಮ ಮನೆಗಳಿಗೆ ಸುದ್ದಿ ಮುಟ್ಟಿಲ್ಲ. ಭಾರತೀಯ ಸಂಜ್ಞಾ ಭಾಷೆ ಬರೀ ಕೈಸನ್ನೆ ಅಲ್ಲ, ವ್ಯಾಕರಣ ಇದೆ. "ಎಲ್ಲಿಗೆ ಹೋಗ್ತೀಯ" ಅನ್ನೋದು "ನೀನು ಹೋಗು ಎಲ್ಲಿ" ಅಂತಾಗುತ್ತೆ, ಹುಬ್ಬೂ ಜೊತೆಗೆ ಪ್ರಶ್ನೆ ಕೇಳುತ್ತೆ. ಕೈ ಹಿಡಿದರೆ ಬಾಯಿ ಮುಚ್ಚಿದ ಹಾಗೆ.

ಮೆಷೀನ್ ದಿನಕ್ಕೆ ಎಷ್ಟು ಗಂಟೆ ಇರುತ್ತೆ? ಕುಂಯ್ ಅಂತ ಸದ್ದು ಬರುತ್ತಾ? ಮಗು ಬೆಳೆದ ಹಾಗೆ ಕಿವಿಯೊಳಗೆ ಕೂರೋ ಮೆಷೀನಿನ ಅಚ್ಚು ಸಡಿಲಾಗಿ ಆ ಸದ್ದು ಬರುತ್ತೆ, ಬದಲಿಸಬೇಕು. ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಕೂರಿಸೋ ಸಾಧನ) ಬೇಕೋ ಬೇಡವೋ ಅನ್ನೋದನ್ನೂ ಈಗಲೇ ತೋರಿಸಿ, ತಡವಾದಷ್ಟೂ ಫಲ ಕಡಿಮೆ. ಮುಂಬೈ ಬಾಂದ್ರಾ ರಿಕ್ಲಮೇಷನ್ನಿನಲ್ಲಿರೋ, ಕಿವುಡರಿಗಾಗಿ ಇರೋ ಸರ್ಕಾರದ ಅಲಿ ಯಾವರ್ ಜಂಗ್ ಸಂಸ್ಥೆಗೆ ಹೋಗಬಹುದು.

ಕಾಮತ್ ಠಾಣೆ: ಮೇಡಂ, ಅಂಗವಿಕಲ ಕಾರ್ಡಿಗೆ ಯಾವ ಕಾಗದ ಬೇಕು?

ಕುಲಕರ್ಣಿ ಪುಣೆ: ಆಕಿ ಕರುಣೆಯಿಂದ ರೊಕ್ಕ ಕೊಟ್ಟಾಳ, ತಪ್ಪೇನದ? ಮೂಗ ಮಕ್ಕಳಂದ್ರ ಯಾರಿಗಾದ್ರೂ ಮನಸು ಕರಗ್ತದ.

ಪೈ ಮಡಗಾಂವ್: ಮೂಗ ಅನ್ನಬೇಡಿ. ನಮ್ಮಣ್ಣ ಕಿವುಡ, ಪ್ರಿಂಟಿಂಗ್ ಪ್ರೆಸ್ ನಡೆಸ್ತಾನೆ. ಬಸ್ಸಲ್ಲಿ ಗೆಳೆಯರ ಜೊತೆ ಸಂಜ್ಞೆಯಲ್ಲಿ ಹರಟಿದರೆ ಜನ ಸರ್ಕಸ್ ನೋಡಿದ ಹಾಗೆ ನೋಡ್ತಾರೆ. ನಿಮ್ಮ ಮೊಮ್ಮಗನ ಕೈಗೆ ಯಾರಾದರೂ ಚಿಲ್ಲರೆ ಹಾಕಿದರೆ ಸುಮ್ಮನಿರ್ತೀರಾ?

ಕುಲಕರ್ಣಿ ಪುಣೆ: ನನ್ನ ಮೊಮ್ಮಗನ್ನ ಯಾಕ ಎಳೀತೀರಿ? ಒಳ್ಳೇದು ಹೇಳಿದ್ರೂ ತಪ್ಪು.

ಪೈ ಮಡಗಾಂವ್: ಬಜೆ ಒಳ್ಳೇದಾ? ನಿಮ್ಮ ನಾಲಿಗೆಗೇ ಹಚ್ಚಿಕೊಳ್ಳಿ.

ಅಡ್ಮಿನ್: ಇಬ್ಬರೂ ಸಾಕು.

ಶೆಟ್ಟಿ ಮುಲುಂಡ್: ಮೆಷೀನ್ ಕಂಪನಿ?

ಮೇಡಂ: ಮೇಲೆ ಹೇಳಿದ್ದೇನೆ ಶೆಟ್ರೇ.

ಸುಮಾ ಡೊಂಬಿವಲಿ: ಎರಡು ಗಂಟೆ ಇದ್ದರೆ ಹೆಚ್ಚು ಮೇಡಂ. ಹೊರಗೆ ಹೊರಟಾಗ ಅತ್ತೆ ತೆಗೆದು ಪರ್ಸಲ್ಲಿ ಇಡ್ತಾರೆ, ಯಾರಾದರೂ ನೋಡ್ತಾರೆ ಅಂತ.

ಮೇಡಂ: ಕೈಯೂ ಇಲ್ಲ, ಕಿವಿಯೂ ಇಲ್ಲ. ನಾಳೆ ಹತ್ತಕ್ಕೆ ಫೋನ್ ಮಾಡಿ. ಬರುವಾಗ ಅತ್ತೆಯನ್ನೂ ಕರೆತನ್ನಿ. ಪಕ್ಕದ ಬಿಲ್ಡಿಂಗಿನವರು ಬರೋದಾದರೆ ಇನ್ನೂ ಒಳ್ಳೇದು.