ಕ್ಲಿಪ್ ಹಾಕಿದರೆ 12.11 ವೋಲ್ಟ್, ಗೇಮ್ ಹಾಕಿದರೆ ರೀಸ್ಟಾರ್ಟ್: ಎಸ್‌ಎಂಪಿಎಸ್ ಸರಿಯಿದೆಯಾ?

ನಿದ್ದೆಗೆಟ್ಟವ
ಗೇಮ್ ಶುರುವಾಗಿ ಐದು ನಿಮಿಷಕ್ಕೆ ಸಿಸ್ಟಮ್ ಪಟ್ಟಂತ ಆಫ್ ಆಗಿ ತಾನೇ ಆನ್ ಆಗುತ್ತೆ. ನೀಲಿ ಪರದೆ ಬರಲ್ಲ, ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯ್ತು ಅನ್ನೋ ದಾಖಲೆ) ಮಾತ್ರ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ಹೊರಗೆ ತೆಗೆದು, ಬೋರ್ಡ್ ಇಲ್ಲದೆ ಆನ್ ಆಗಲಿ ಅಂತ 24 ಪಿನ್ ಕನೆಕ್ಟರ್‌ನ ಹಸಿರು ತಂತಿಗೂ ಕಪ್ಪು ತಂತಿಗೂ ಕ್ಲಿಪ್ ಕೊಟ್ಟೆ. ಮಲ್ಟಿಮೀಟರ್‌ನಲ್ಲಿ ಹಳದಿ 12.11, ಕೆಂಪು 5.04, ಕಿತ್ತಳೆ 3.34. ಆದರೆ ಗೇಮ್ ಓಡುವಾಗ ಸಾಫ್ಟ್‌ವೇರ್ 12 ವೋಲ್ಟ್ ಸಾಲಿನಲ್ಲಿ 11.23 ತೋರಿಸುತ್ತೆ. ಯಾವುದನ್ನು ನಂಬಲಿ?

ನೇರಮಾತು
11.23 ಅಂದಮೇಲೆ ಮಾತೇ ಇಲ್ಲ. ಎಟಿಎಕ್ಸ್ ಅನ್ನೋ ಪಿಸಿ ಪವರ್ ಮಾನದಂಡದ 3.0ಕ್ಕಿಂತ ಹಿಂದಿನ ಲೆಕ್ಕದಲ್ಲಿ 12 ವೋಲ್ಟ್‌ಗೆ ಶೇ 5 ಆಚೀಚೆ, ಅಂದರೆ 11.40ರಿಂದ 12.60. ನಿಮ್ಮದು ಅದಕ್ಕಿಂತ ಕೆಳಗಿದೆ. ಎಸ್‌ಎಂಪಿಎಸ್ ಬದಲಾಯಿಸಿ.

ಬೆಸುಗೆ
"ಮಾತೇ ಇಲ್ಲ" ಅಂತ ಹೇಗೆ ಹೇಳ್ತೀರಿ ಸರ್? ಸಾಫ್ಟ್‌ವೇರ್ ಓದೋದು ಬೋರ್ಡ್ ಮೇಲಿನ ಸೆನ್ಸರ್ ಚಿಪ್ಪನ್ನು. ಆ ಚಿಪ್ 12 ವೋಲ್ಟನ್ನು ನೇರವಾಗಿ ತಡಕೊಳ್ಳಲ್ಲ. ರೆಸಿಸ್ಟರ್ ಇಟ್ಟು ಇಳಿಸಿ ಕೊಟ್ಟಿರ್ತಾರೆ, ಸಾಫ್ಟ್‌ವೇರ್ ಮತ್ತೆ ಗುಣಿಸಿ ಹೇಳುತ್ತೆ. ಗುಣಕ ತಪ್ಪಿದರೆ ಅಂಕಿಯೂ ತಪ್ಪು. ನನ್ನ ಬೋರ್ಡ್‌ನಲ್ಲಿ ಸಾಫ್ಟ್‌ವೇರ್ 11.3 ಅಂದಾಗ ಕನೆಕ್ಟರ್ ಹಿಂಬದಿಯಿಂದ ಪ್ರೋಬ್ ತೂರಿಸಿ ನೋಡಿದೆ, 12.02 ಇತ್ತು. ಇವರೂ ಸಿಸ್ಟಮ್ ಓಡುವಾಗಲೇ ಮೀಟರ್ ಹಿಡಿಯಲಿ. ಪ್ರೋಬ್ ಜಾರಿ ಪಕ್ಕದ ಪಿನ್ ಮುಟ್ಟದಂತೆ ಎಚ್ಚರ ಇರಲಿ.

ನೇರಮಾತು
ನಿಮ್ಮ ಬೋರ್ಡ್ ಕಥೆ ಇವರಿಗೆ ಯಾಕೆ? ನಿಮ್ಮದು ರೀಸ್ಟಾರ್ಟ್ ಆಗ್ತಿರಲಿಲ್ಲ, ಇವರದು ಆಗ್ತಿದೆ.

ಹಳೇಮೀಟರ್
ಕ್ಲಿಪ್ ಪರೀಕ್ಷೆಯಲ್ಲಿ 12.11 ಬಂದಿದೆ, ಅಲ್ಲಿಗೆ ವೋಲ್ಟೇಜ್ ಸರಿ. ಉಳಿದದ್ದು ರಿಪಲ್, ಅಂದರೆ ಡಿಸಿ ಮೇಲೆ ಉಳಿಯೋ ಸಣ್ಣ ಏರಿಳಿತ. ಮೀಟರನ್ನು ಎಸಿ ರೇಂಜ್‌ಗೆ ತಿರುಗಿಸಿ ಹಳದಿ ತಂತಿಗೆ ಹಿಡಿಯಿರಿ. ನನ್ನದರಲ್ಲಿ 0.02 ಬರುತ್ತೆ, ಅಂದರೆ 20 ಮಿಲಿವೋಲ್ಟ್. ಮಿತಿ 120. ಅದರೊಳಗಿದ್ದರೆ ಕಣ್ಣುಮುಚ್ಚಿ ನಂಬಬಹುದು.

ಬೆಸುಗೆ
20 ಮಿಲಿವೋಲ್ಟ್ ಅಂತ ಯಾವ ಆಧಾರದ ಮೇಲೆ? 120 ಅನ್ನೋದು ಪೀಕ್ ಟು ಪೀಕ್ (ಅಲೆಯ ತುದಿಯಿಂದ ತಳಕ್ಕೆ), ನಿಮ್ಮ ಮೀಟರ್ ತೋರಿಸೋದು ಆರ್‌ಎಂಎಸ್ (ಒಂಥರಾ ಸರಾಸರಿ). ಅದೂ ಹೋಗಲಿ, ಎಸ್‌ಎಂಪಿಎಸ್ ಸ್ವಿಚ್ ಆಗೋದು ಹತ್ತಾರು ಕಿಲೋಹರ್ಟ್ಸ್‌ನಲ್ಲಿ, ಕೆಲವು ನೂರರ ಮೇಲೆ. ಸಾಮಾನ್ಯ ಮೀಟರ್ ಕರೆಂಟಿನ 50 ಹರ್ಟ್ಸ್ ಅಳೆಯೋಕೆ ಮಾಡಿದ್ದು.

ಹಳೇಮೀಟರ್
"ಸಾಮಾನ್ಯ ಮೀಟರ್" ಅಂದ್ರಲ್ಲ, ನನ್ನದು ಟ್ರೂ ಆರ್‌ಎಂಎಸ್, ಸೈನ್ ಅಲೆ ಅಲ್ಲದಿದ್ದರೂ ಅಳೆಯೋದು. ಪೀಕ್ ಟು ಪೀಕ್ ಬೇಕಾದರೆ 2.83ರಿಂದ ಗುಣಿಸಿ, 57 ಬಂತು. ಆಗಲೂ 120ರ ಅರ್ಧಕ್ಕಿಂತ ಕಡಿಮೆ. ಇಪ್ಪತ್ತು ವರ್ಷದಿಂದ ಹೀಗೇ ನೋಡ್ತಿದ್ದೀನಿ.

ಬೆಸುಗೆ
2.83 ಬರೋದು ಸೈನ್ ಅಲೆಗೆ ಮಾತ್ರ ರೀ! ರಿಪಲ್ ಸೈನ್ ಅಲೆಯಲ್ಲ, ಅದರ ಮೇಲೆ ಸೂಜಿಮೊನೆಯಂಥ ಸ್ಪೈಕ್ ಕೂತಿರುತ್ತೆ. ಟ್ರೂ ಆರ್‌ಎಂಎಸ್ ಅಂದಮಾತ್ರಕ್ಕೆ ಎಲ್ಲ ಫ್ರೀಕ್ವೆನ್ಸಿಯೂ ಹಿಡಿಯುತ್ತೆ ಅಂತಲ್ಲ. ರಿಪಲ್ ನೋಡೋಕೆ ಆಸಿಲೋಸ್ಕೋಪ್ ಬೇಕು, 20 ಮೆಗಾಹರ್ಟ್ಸ್ ಮಿತಿ ಇಟ್ಟು, ಪ್ರೋಬ್ ತುದಿಗೆ 10 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ ನೋಡ್ತಾರೆ. ಇಪ್ಪತ್ತು ವರ್ಷ ತಪ್ಪು ರೇಂಜ್‌ನಲ್ಲಿ ನೋಡಿದರೆ ಇಪ್ಪತ್ತು ವರ್ಷವೂ ತಪ್ಪೇ.

ಹಳೇಮೀಟರ್
ವಯಸ್ಸಿಗಾದರೂ ಮರ್ಯಾದೆ ಕೊಟ್ಟು ಮಾತಾಡಿ. ನಾನು ಸರಿಯಿದೆ ಅಂದ ಒಂದು ಎಸ್‌ಎಂಪಿಎಸ್ ಕೂಡ ವಾಪಸ್ ಬಂದಿಲ್ಲ.

ನೇರಮಾತು
ಆಸಿಲೋಸ್ಕೋಪ್ ಎಲ್ಲರ ಹತ್ತಿರ ಇರುತ್ತಾ? ಪರೀಕ್ಷೆ ಹೇಳಿದರೆ ಮಾಡೋ ಹಾಗಿರಬೇಕು.

ನಂದಾದೀಪ
ರಿಪಲ್ ಜಗಳದಲ್ಲಿ ಪ್ರಶ್ನೆ ಕೇಳಿದವರನ್ನೇ ಮರೆತಿರಿ. ಕ್ಲಿಪ್ ಪರೀಕ್ಷೆಯಲ್ಲಿ ಲೋಡ್ ಇಲ್ಲ, ಹೊರಗಿಟ್ಟ ಎಸ್‌ಎಂಪಿಎಸ್‌ನಲ್ಲಿ ಫ್ಯಾನ್ ಒಂದೇ ತಿರುಗ್ತಿರುತ್ತೆ. ನಿಂತ ಎತ್ತಿನ ಬಲ ನೊಗ ಕಟ್ಟದೆ ಗೊತ್ತಾಗಲ್ಲ. ಗೇಮ್ ಓಡುವಾಗ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕನೆಕ್ಟರ್ ಹಿಂದೆ ಹಳದಿಗೆ ಒಂದು ಪ್ರೋಬ್, ಅದೇ ಕನೆಕ್ಟರ್‌ನ ಕಪ್ಪಿಗೆ ಇನ್ನೊಂದು. 24 ಪಿನ್ ಕನೆಕ್ಟರ್‌ನಲ್ಲಿ ಕೆಂಪೂ ನೋಡಿ. 12, 5 ಎರಡನ್ನೂ ಒಟ್ಟಿಗೆ ರೆಗ್ಯುಲೇಟ್ ಮಾಡೋ ಹಳೇ ವಿನ್ಯಾಸದಲ್ಲಿ 12ರ ಮೇಲೆ ಭಾರ ಬಿದ್ದರೆ 12 ಇಳಿದು 5 ಏರುತ್ತೆ.

ನಿದ್ದೆಗೆಟ್ಟವ
ನೋಡಿದೆ. ಡೆಸ್ಕ್‌ಟಾಪ್‌ನಲ್ಲಿ ಸುಮ್ಮನಿದ್ದಾಗ 12.07. ಗೇಮ್‌ನಲ್ಲಿ 11.71, ಅಲ್ಲೇ ನಿಂತಿತ್ತು. ಅಂಕಿ ನೋಡ್ತಿದ್ದ ಹಾಗೇ ಪರದೆ ಕಪ್ಪಾಗಿ ರೀಸ್ಟಾರ್ಟ್ ಆಯ್ತು. ಕೆಂಪು 5.06. ಅದೇ ಹೊತ್ತಲ್ಲಿ ಸಾಫ್ಟ್‌ವೇರ್ 11.23 ಅಂತಲೇ ಇತ್ತು.

ಬೆಸುಗೆ
ನೋಡಿ, ಸಾಫ್ಟ್‌ವೇರ್ ಸುಳ್ಳು ಅಂತ ಮೊದಲೇ ಹೇಳಿದ್ದೆ.

ನೇರಮಾತು
0.36 ವೋಲ್ಟ್ ಇಳಿದಿದೆ. ಇಳಿದಿದೆ ಅಂತ ನಾನೂ ಮೊದಲೇ ಹೇಳಿದ್ದೆ.

ಬೆಸುಗೆ
ಇಳಿದರೂ 11.40ರ ಮೇಲಿದೆಯಲ್ಲ ಸರ್, ನೀವೇ ಕೊಟ್ಟ ಮಿತಿ.

ನಂದಾದೀಪ
ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಅಂಕಿ ಬದಲಿಸುತ್ತೆ. ಕಾರ್ಡ್ ಮೈಕ್ರೋಸೆಕೆಂಡ್‌ಗಳಲ್ಲಿ ಕರೆಂಟ್ ಎಳೆದು ಬಿಡುತ್ತೆ. 2022ರ ಎಟಿಎಕ್ಸ್ 3.0ದಲ್ಲಿ ರೇಟಿಂಗ್‌ನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡಕೊಳ್ಳಬೇಕು ಅಂತ ಸೇರಿಸಿದ್ದು ಇದಕ್ಕೇ. ಇನ್ನೊಂದು ವಿಷಯ: ಎಸ್‌ಎಂಪಿಎಸ್‌ನ ರಕ್ಷಣೆ ಟ್ರಿಪ್ ಆದರೆ ಸಾಮಾನ್ಯವಾಗಿ ಆಫ್ ಆಗಿಯೇ ಉಳಿಯುತ್ತೆ. ನಿಮ್ಮದು ತಾನೇ ಆನ್ ಆಗುತ್ತೆ, ಅಂದರೆ ವೋಲ್ಟೇಜ್ ಸರಿಯಿದೆ ಅಂತ ಬೋರ್ಡಿಗೆ ಹೇಳೋ ಬೂದು ತಂತಿಯ ಪವರ್ ಗುಡ್ ಸಿಗ್ನಲ್ ಕ್ಷಣಕಾಲ ಬಿದ್ದಿರಬಹುದು. ಕಾರ್ಡಿಗೆ ಎಷ್ಟು ಕೇಬಲ್ ಹೋಗಿದೆ?

ನಿದ್ದೆಗೆಟ್ಟವ
ಒಂದೇ ಕೇಬಲ್, ತುದಿಯಲ್ಲಿ ಎರಡು ಪ್ಲಗ್.

ನಂದಾದೀಪ
ಹಾಗಾದರೆ ಕಾರ್ಡಿನ ಕರೆಂಟೆಲ್ಲ ಒಂದೇ ಕೇಬಲ್ ಮೇಲೆ ಬೀಳ್ತಿದೆ. ಎರಡು ಬೇರೆ ಬೇರೆ ಕೇಬಲ್ ಹಾಕಿ ನೋಡಿ.

ಹಳೇಮೀಟರ್
ಕೇಬಲ್‌ನಿಂದ ರಿಪಲ್ ಕಡಿಮೆ ಆಗಲ್ಲ.

ಬೆಸುಗೆ
ರಿಪಲ್ ಬಗ್ಗೆ ಈಗ ಯಾರು ಕೇಳಿದರು?

ನಿದ್ದೆಗೆಟ್ಟವ
ಎರಡು ಕೇಬಲ್ ಹಾಕಿದೆ. ಅದೇ ಗೇಮ್, ಅದೇ ಜಾಗ, ಮೀಟರ್ 11.84. ಎರಡು ಗಂಟೆ ಆಯ್ತು, ರೀಸ್ಟಾರ್ಟ್ ಆಗಿಲ್ಲ. ಹಳೇ ಕೇಬಲ್‌ನ ಪ್ಲಗ್ ಈಗ ನೋಡಿದೆ, ಒಂದು ಹಳದಿ ಪಿನ್ ಸುತ್ತ ಪ್ಲಾಸ್ಟಿಕ್ ಕಂದಾಗಿದೆ.

ನೇರಮಾತು
ಪವರ್ ಸಮಸ್ಯೆ ಅಂತ ಮೊದಲ ಉತ್ತರದಲ್ಲೇ ಹೇಳಿದ್ದೆ. ಎಸ್‌ಎಂಪಿಎಸ್ ಈಗಲೂ ಬದಲಾಯಿಸೋದೇ ಒಳ್ಳೇದು.

ನಂದಾದೀಪ
ಆ ಕಂದಾದ ಕೇಬಲ್ ಮತ್ತೆ ಹಾಕಬೇಡಿ. ಕಾರ್ಡಿನ ಕಡೆಯ ಪಿನ್ ಟಾರ್ಚ್ ಹಿಡಿದು ನೋಡಿ, ಅಲ್ಲೂ ಸುಟ್ಟಿದ್ದರೆ ಇಲ್ಲಿ ಹೇಳಿ.

ಹಳೇಮೀಟರ್
ಎಸಿ ರೇಂಜ್‌ನಲ್ಲಿ ಎಷ್ಟು ಬಂತು ಅಂತ ಇನ್ನೂ ಹೇಳಿಲ್ಲ ನೀವು.